ಹೊಸ ಮನೆಯಲ್ಲಿ ಕಟ್ಟೆ ಎಲ್ಲಿ?

ಕಳೆದ ದೀಪಾವಳಿಗೆ ಅಕ್ಕನ ಮಗ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಿದ್ದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಎರಡನೇ ವರ್ಷ. ಚೀಲ ಕೆಳಗಿಟ್ಟು, ಅವ್ವ ಕೊಟ್ಟ ಕರ್ಚಿಕಾಯಿ ಕೈಯಲ್ಲಿ ಹಿಡಿದೇ ಸೀದಾ ನನ್ನ ಕಂಪ್ಯೂಟರ್ ಮುಂದೆ ಕೂತ. ಪ್ರತಿ ರಜೆಯಲ್ಲೂ ಅವನ ಜಾಗ ಅದೇ. ಸ್ವಿಚ್ ಒತ್ತಿದ. ಈ ಸಲ ವಿಂಡೋಸ್ ಬರಲಿಲ್ಲ, ಲಿನಕ್ಸ್ ಮಿಂಟ್‌ನ ಹಸಿರು ಗುರುತು ಬಂತು. ವಿಂಡೋಸ್ ಬದಲು ಹಾಕಿಕೊಳ್ಳುವ ಪುಕ್ಕಟೆ ವ್ಯವಸ್ಥೆ ಲಿನಕ್ಸ್, ಅದರದೇ ಒಂದು ಬಗೆ ಮಿಂಟ್. ಒಂದು ಗಳಿಗೆ ಸುಮ್ಮನೆ ನೋಡಿದ. ಆಮೇಲೆ ಕೇಳಿದ: “ಮಾಮಾ, ಇದರಾಗ ನಮ್ಮ ಗೇಮ್ ಬರ್ತೈತೇನ?”

‘ನಮ್ಮ ಗೇಮ್’ ಅಂದರೆ ಅವನೂ ಅವನ ನಾಲ್ಕು ಜನ ಗೆಳೆಯರೂ ದಿನಾ ರಾತ್ರಿ ಒಂಬತ್ತೂವರೆಗೆ ಕೂಡಿ ಆಡುವ ಶೂಟಿಂಗ್ ಗೇಮ್. ಈ ಕಡೆ ಐದು ಜನ, ಆ ಕಡೆ ಐದು ಜನ. ಒಬ್ಬ ಧಾರವಾಡದಲ್ಲಿದ್ದಾನೆ, ಒಬ್ಬ ಪುಣೆಯಲ್ಲಿ, ಇಬ್ಬರು ಬೆಳಗಾವಿಯಲ್ಲಿ. ಹೈಸ್ಕೂಲಿನಿಂದ ಜೊತೆಗಿದ್ದವರು. ಈಗ ಅವರು ಭೇಟಿಯಾಗುವುದು ಆ ಗೇಮ್‌ನಲ್ಲೇ. ನಾನು “ಅದೊಂದು ಬರಂಗಿಲ್ಲಪಾ” ಅಂದೆ. “ಬಾಕಿ ಭಾಳ ಬರ್ತಾವು” ಅಂತಲೂ ಸೇರಿಸಿದೆ. ಅವನು ಹೂಂ ಅಂದು ಕರ್ಚಿಕಾಯಿ ತಿಂದ. ವಾದ ಮಾಡಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ವಾದ ಮಾಡಿದ್ದರೆ ನನ್ನ ಹತ್ತಿರ ಉತ್ತರಗಳಿದ್ದವು. ಆ ‘ಹೂಂ’ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು.

ನಾನು ಲಿನಕ್ಸ್‌ಗೆ ಬಂದ ಕಾರಣ ಬಹಳ ಜನರಿಗೆ ಗೊತ್ತಿರುವಂಥದ್ದೇ. 2017ರಲ್ಲಿ ಕಟ್ಟಿಸಿದ ಡೆಸ್ಕ್‌ಟಾಪ್. ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು. ನನ್ನದು ಒಂದೇ ಮೆಟ್ಟಿಲು ಕೆಳಗೆ. ನಡೆಯುವ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿ ಮಿಕ್ಸರ್‌ಗೂ ಮೂರು ಸಲ ಕಾಯಿಲ್ ಸುತ್ತಿಸುತ್ತಾರೆ, ಅಂಥದ್ದರಲ್ಲಿ ಕಂಪ್ಯೂಟರ್ ಹೇಗೆ ಬಿಸಾಡಲಿ?

ನಮ್ಮ ಕಡೆ ಲಿನಕ್ಸ್ ಅಂದ ಕೂಡಲೇ ಮೂರು ಪ್ರಶ್ನೆ ಬರುತ್ತವೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬರುತ್ತಾ? ಲೆಕ್ಕ ಬರೆಯುವ ಟ್ಯಾಲಿ ಬರುತ್ತಾ? ಗೇಮ್ ಬರುತ್ತಾ? ನುಡಿಗೆ ನನ್ನ ಉತ್ತರ ಸರಳ. ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಲಿನಕ್ಸ್‌ನೊಳಗೇ ಇದೆ, ಯುನಿಕೋಡ್‌ನಲ್ಲಿ ಬರೆಯಲು ಏನೂ ತೊಂದರೆ ಇಲ್ಲ. ಈ ಬರಹವನ್ನೂ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ. ಯುನಿಕೋಡ್‌ಗೂ ಮುಂಚಿನ ಹಳೇ ಆಸ್ಕಿ ಫೈಲ್‌ಗಳ ಕಥೆ ಬೇರೆ, ಡಿಟಿಪಿ ಅಂಗಡಿಯವರ ಕಷ್ಟ ನನಗೆ ಗೊತ್ತು. ಟ್ಯಾಲಿ ನನಗೆ ಬೇಕಿಲ್ಲ. ನನಗೆ ಬೇಕಾದದ್ದು ಮೂರನೆಯದು.

2008ರ ಒಂದು ಸಿಡಿ

ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ, 2008ರಲ್ಲಿ. ಆಗ ಇಲ್ಲೇ ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕಾಲೇಜಿನ ಲ್ಯಾಬ್‌ನಲ್ಲಿ ಲಿನಕ್ಸ್ ಇತ್ತು. ಅದರಲ್ಲಿ ನಾವು ಮಾಡುತ್ತಿದ್ದದ್ದು ವಿಐ ಎಡಿಟರ್ ತೆರೆದು ಸಿ ಪ್ರೋಗ್ರಾಂ ಬರೆಯುವುದು, ಎಕ್ಸ್‌ಟರ್ನಲ್ ಪರೀಕ್ಷಕರು ಬಂದಾಗ ಔಟ್‌ಪುಟ್ ತೋರಿಸುವುದು, ಅಷ್ಟೇ. ಅದು ಪರೀಕ್ಷೆಯ ವಸ್ತು. ಆಟ ಇದ್ದದ್ದು ಕೆಫೆಯಲ್ಲಿ. ಬಸ್‌ಸ್ಟಾಪಿನ ಹತ್ತಿರ ಮೊದಲ ಮಹಡಿ, ಹನ್ನೆರಡು ಕಂಪ್ಯೂಟರ್, ಗಂಟೆಗೆ 15 ರೂಪಾಯಿ. ಎಲ್ಲದರಲ್ಲೂ ಕೌಂಟರ್ ಸ್ಟ್ರೈಕ್ 1.6 ಅನ್ನುವ ಶೂಟಿಂಗ್ ಗೇಮ್. ಲ್ಯಾನ್ ಕೇಬಲ್ ಎಳೆದು ಒಂದಕ್ಕೊಂದು ಜೋಡಿಸಿದ್ದರು. ಬೇಸಿಗೆಯಲ್ಲಿ ಆ ಕೋಣೆಗೆ ಹೋದರೆ ಒಲೆಯ ಮುಂದೆ ಕೂತ ಹಾಗೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ತಡೆಯುತ್ತಿತ್ತು. ಆ ಹತ್ತು ನಿಮಿಷದಲ್ಲಿ ಆಡಿದ ಆಟವೇ ಬೇರೆ. ಯಾರೂ ಅಡಗಿ ಕೂರುತ್ತಿರಲಿಲ್ಲ, ಎಲ್ಲರೂ ನುಗ್ಗುವವರೇ.

ಅದೇ ವರ್ಷ ನಮ್ಮ ಮನೆಗೆ ಒಂದು ಅಂಚೆ ಬಂತು. ಉಬುಂಟು ಅನ್ನುವ ಲಿನಕ್ಸ್ ಮಾಡುವ ಕೆನಾನಿಕಲ್ ಕಂಪನಿಯವರು 2005ರಿಂದ 2011ರ ತನಕ ಕೇಳಿದವರ ಮನೆಗೆ ಸಿಡಿ ಪುಕ್ಕಟೆ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ನಾನು ಸುಮ್ನೆ ವಿಳಾಸ ಹಾಕಿ ಮರೆತುಬಿಟ್ಟಿದ್ದೆ. ಒಂದು ಮಧ್ಯಾಹ್ನ ಪೋಸ್ಟ್‌ಮನ್ ಹೊರದೇಶದ ಮುದ್ರೆಯ ಲಕೋಟೆ ಹಿಡಿದು ಸೆಕ್ಟರ್ ನಂಬರ್ ಕೇಳಿಕೊಂಡು ಬಂದ. ಒಳಗೆ ಉಬುಂಟು 8.04. ಅಪ್ಪ ಆ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ರೊಕ್ಕ ತಗೊಳ್ಳಾರದ ಇಷ್ಟ ದೂರ ಯಾಕ ಕಳಸ್ಯಾರ?” ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಸಿಡಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಹಾಕಿದೆ. ಚೆಂದ ಇತ್ತು. ಎರಡನೇ ದಿನಕ್ಕೇ ಕೌಂಟರ್ ಸ್ಟ್ರೈಕ್ ಬೇಕಾಯಿತು. ವೈನ್ ಅಂತ ಒಂದಿದೆ, ಅದರಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಯುತ್ತವೆ ಅಂತ ಯಾರೋ ಹೇಳಿದರು. 1993ರಲ್ಲಿ ಶುರುವಾದ ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಹದಿನೈದು ವರ್ಷ ಆದ ಮೇಲೆ. ನಮ್ಮ ಬಿಎಸ್‌ಎನ್‌ಎಲ್ ಪ್ಲಾನ್‌ನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರ ತನಕ ಎಷ್ಟು ಇಳಿಸಿದರೂ ಲೆಕ್ಕ ಇರಲಿಲ್ಲ. ಅಲಾರಂ ಇಟ್ಟು ಎದ್ದು ಡೌನ್‌ಲೋಡ್‌ಗೆ ಹಾಕಿ ಮಲಗುತ್ತಿದ್ದೆ. ಕೊನೆಗೊಂದು ಬೆಳಗ್ಗೆ ಗೇಮ್ ತೆರೆಯಿತು. ಮೆನು ಬಂತು, ಡಸ್ಟ್ ಟೂ ಮ್ಯಾಪ್ ಬಂತು. ಗುಂಡಿನ ಸದ್ದು ನೀರೊಳಗಿಂದ ಬಂದ ಹಾಗೆ ಬರುತ್ತಿತ್ತು. ಮೌಸ್ ಒಂದು ಕಡೆ ಎಳೆದರೆ ಪರದೆ ಅರ್ಧ ಸೆಕೆಂಡ್ ಬಿಟ್ಟು ತಿರುಗುತ್ತಿತ್ತು. ಒಂದು ವಾರ ಹೆಣಗಿದೆ. ಆಮೇಲೆ ಮತ್ತೆ ವಿಂಡೋಸ್ ಹಾಕಿಸಿಕೊಂಡು ಬಂದೆ. ಸಂಜೆ ಕೆಫೆಯಲ್ಲಿ ಎಲ್ಲರೂ ಕಾಯುತ್ತಿದ್ದರು.

ನಡುವೆ ಆದದ್ದು

ಆಗ ಆಗದ್ದು ಈಗ ಹೇಗಾಯಿತು? ಇದನ್ನು ಸ್ವಲ್ಪ ಹೇಳಲೇಬೇಕು. ಇದರ ಹಿಂದಿರುವ ಜನ ನನಗೆ ತುಂಬಾ ಇಷ್ಟ.

ಬೆಳಗಾವಿಯ ಖಡೇಬಜಾರಿನಲ್ಲಿ ಬಟ್ಟೆ ಅಂಗಡಿಗೆ ಹೋದವರು ಈ ದೃಶ್ಯ ನೋಡಿಯೇ ಇರುತ್ತೀರಿ. ಗಿರಾಕಿ ಮರಾಠಿಯಲ್ಲಿ ಕೇಳುತ್ತಾರೆ. ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಅದನ್ನು ಕೇಳಿಸಿಕೊಂಡು ಒಳಗಿನ ಹುಡುಗನಿಗೆ ಕನ್ನಡದಲ್ಲಿ ಹೇಳುತ್ತಾರೆ. ಹುಡುಗ ಸೀರೆ ತಂದು ಹಾಸುತ್ತಾನೆ. ಗಿರಾಕಿಗೆ ತಾನು ಬೇರೆ ಭಾಷೆಯ ಅಂಗಡಿಯಲ್ಲಿದ್ದೇನೆ ಅನ್ನಿಸುವುದೇ ಇಲ್ಲ. ವೈನ್ ಮಾಡುವ ಕೆಲಸ ಇದೇ. ಗೇಮ್ ವಿಂಡೋಸ್ ಮಾತಿನಲ್ಲಿ ‘ಈ ಫೈಲ್ ತೆಗೆ, ಈ ಸದ್ದು ಮಾಡು’ ಅನ್ನುತ್ತದೆ. ವೈನ್ ಅದನ್ನು ಲಿನಕ್ಸ್ ಮಾತಿಗೆ ತಿರುಗಿಸಿ ಕೊಡುತ್ತದೆ. ಒಳಗೆ ಇನ್ನೊಂದು ನಕಲಿ ಕಂಪ್ಯೂಟರ್ ಕಟ್ಟಿ ಅದರಲ್ಲಿ ವಿಂಡೋಸ್ ನಡೆಸುವುದಿಲ್ಲ. ಅದಕ್ಕೇ ವೇಗ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ತೊಂದರೆ ಇದ್ದದ್ದು ಚಿತ್ರದಲ್ಲಿ. ವಿಂಡೋಸ್ ಗೇಮ್‌ಗಳು ಗ್ರಾಫಿಕ್ಸ್ ಕಾರ್ಡ್ ಜೊತೆ ಡೈರೆಕ್ಟ್ 3ಡಿ ಅನ್ನುವ ಮಾತಿನಲ್ಲಿ ವ್ಯವಹಾರ ಮಾಡುತ್ತವೆ. ಲಿನಕ್ಸ್‌ನಲ್ಲಿ ಅದಿಲ್ಲ. ಹಳೇ ಅನುವಾದ ತಡಬಡಾಯಿಸುತ್ತಿತ್ತು. 2016ರ ಫೆಬ್ರವರಿಯಲ್ಲಿ ವಲ್ಕನ್ ಬಂತು. ಕಾರ್ಡ್ ಜೊತೆ ಇನ್ನೂ ಹತ್ತಿರದಿಂದ, ನೇರವಾಗಿ ಮಾತಾಡುವ ದಾರಿ ಅದು, ಎಲ್ಲರಿಗೂ ತೆರೆದದ್ದು. ಆಗ ಫಿಲಿಪ್ ರೆಬೊಲೆ ಅನ್ನುವವರು ಒಂದು ಕೆಲಸಕ್ಕೆ ಕೈ ಹಾಕಿದರು. ಅವರಿಗೆ ನಿಯರ್ ಆಟೊಮೇಟಾ ಅನ್ನುವ ಒಂದು ಗೇಮ್ ಲಿನಕ್ಸ್‌ನಲ್ಲಿ ಆಡಬೇಕಿತ್ತು. ಆಡಲು ಆಗುತ್ತಿರಲಿಲ್ಲ. ಹಾಗಾಗಿ ಡೈರೆಕ್ಟ್ 3ಡಿ 11ರ ಮಾತನ್ನು ವಲ್ಕನ್‌ಗೆ ತಿರುಗಿಸುವ ಪ್ರೋಗ್ರಾಂ ತಾವೇ ಬರೆಯಲು ಕೂತರು. ಅದೇ ಡಿಎಕ್ಸ್‌ವಿಕೆ. ತನಗೊಂದು ಆಟ ಆಡಬೇಕು ಅಂತ ಬರೆದದ್ದನ್ನು ಬೀಗ ಹಾಕದೆ ಎಲ್ಲರಿಗೂ ಬಿಟ್ಟರು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಅವರ ಕೆಲಸಕ್ಕೆ ಹಣ ಕೊಡಲು ಮುಂದೆ ಬಂತು. ವೈನ್, ಡಿಎಕ್ಸ್‌ವಿಕೆ ಎಲ್ಲ ಸೇರಿಸಿ ಪ್ರೋಟಾನ್ ಅಂತ ಹೆಸರಿಟ್ಟು 2018ರ ಆಗಸ್ಟ್‌ನಲ್ಲಿ ಸ್ಟೀಮ್ ಒಳಗೇ ಕೂರಿಸಿದರು. ಮೊದಲ ದಿನ ಪರೀಕ್ಷೆ ಮಾಡಿ ಪಟ್ಟಿಗೆ ಹಾಕಿದ್ದು 27 ಗೇಮ್ ಮಾತ್ರ. ಆ ಪಟ್ಟಿಯಲ್ಲಿ ನಿಯರ್ ಆಟೊಮೇಟಾ ಇತ್ತು.

ವಾಲ್ವ್‌ಗೂ ತನ್ನ ಲೆಕ್ಕ ಇತ್ತು, ಇರಲಿ. 2013ರಲ್ಲೇ ಲಿನಕ್ಸ್‌ಗೆ ಸ್ಟೀಮ್ ತಂದಿದ್ದರು. 2015ರಲ್ಲಿ ಸ್ಟೀಮ್ ಮಷೀನ್ ಅಂತ ಗೇಮ್ ಆಡುವ ಕಂಪ್ಯೂಟರ್ ತಂದದ್ದು ಕೈಹಿಡಿಯಲಿಲ್ಲ. ಬಿಡದೆ 2022ರಲ್ಲಿ ಸ್ಟೀಮ್ ಡೆಕ್ ತಂದರು. ಕೈಯಲ್ಲಿ ಹಿಡಿದು ಆಡುವ ಆ ಯಂತ್ರದೊಳಗೆ ಇರುವುದು ಲಿನಕ್ಸ್. ಅದರಲ್ಲಿ ಗೇಮ್ ನಡೆಯಲಿ ಅಂತ ಮಾಡಿದ ದುರಸ್ತಿಯೆಲ್ಲ ನವನಗರದ ನನ್ನ ಹಳೇ ಡೆಸ್ಕ್‌ಟಾಪ್‌ಗೂ ಬಂದು ತಲುಪಿತು. ಅಪ್ಪ ಕೇಳಿದ ಪ್ರಶ್ನೆಗೆ ಈಗ ನನ್ನ ಹತ್ತಿರ ಅರ್ಧ ಉತ್ತರ ಇದೆ. ಯಾರೋ ತಮಗೆ ಬೇಕಾದದ್ದನ್ನು ಮಾಡಿಕೊಂಡು ಬಾಗಿಲು ತೆರೆದಿಟ್ಟು ಹೋಗಿರುತ್ತಾರೆ.

ಎರಡು ಚುಕ್ಕೆ

ದೀಪಾವಳಿಯ ಎರಡನೇ ದಿನ ರಾತ್ರಿ. ಊಟ ಮುಗಿದಿತ್ತು. ಹೊರಗೆ ಪಟಾಕಿ ಸದ್ದು. ನಾನು ಅಳಿಯನಿಗೆ “ಬಾ, ಏಜ್ ಆಫ್ ಎಂಪೈರ್ಸ್ ಹಾಕೋಣು” ಅಂದೆ. ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಆಟ, ಎರಡನೇ ಭಾಗ, ಹೊಸ ಡೆಫಿನಿಟಿವ್ ಎಡಿಷನ್. ಸ್ಟೀಮ್‌ನಲ್ಲಿ ರಿಯಾಯಿತಿ ಇದ್ದಾಗ ತೆಗೆದುಕೊಂಡಿದ್ದೆ. ವಿಂಡೋಸ್ ಇದ್ದಾಗಲೇ ಅದನ್ನು ಎರಡನೇ ಹಾರ್ಡ್‌ಡಿಸ್ಕ್‌ಗೆ ಇಳಿಸಿ ಇಟ್ಟಿದ್ದೆ. ಮತ್ತೆ ಇಳಿಸುವ ತಾಪತ್ರಯ ಬೇಡ ಅಂತ ಆ ಡಿಸ್ಕ್ ಅನ್ನು ಹಾಗೇ ಬಿಟ್ಟಿದ್ದೆ. ಸ್ಟೀಮ್‌ಗೆ ಆ ಜಾಗ ತೋರಿಸಿದೆ, ಗೇಮ್ ಸಿಕ್ಕಿತು. ಪ್ಲೇ ಒತ್ತಿದೆ. ಹಸಿರು ಬಟನ್ ನೀಲಿಯಾಯಿತು, ‘ಸ್ಟಾಪ್’ ಅಂತ ಬಂತು. ಮೂರು ಸೆಕೆಂಡ್. ಮತ್ತೆ ಹಸಿರು ‘ಪ್ಲೇ’. ಏನೂ ಇಲ್ಲ. ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ.

ಮೂರು ಸೆಕೆಂಡ್‌ನ ಆ ಮೌನ ಲಿನಕ್ಸ್‌ನಲ್ಲಿ ಗೇಮ್ ಆಡುವ ಎಲ್ಲರಿಗೂ ಪರಿಚಯ. ಅಳಿಯ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ನಾನು ಡ್ರೈವರ್ ನೋಡಿದೆ, ಸರಿ ಇತ್ತು. ಪ್ರೋಟಾನ್ ಆವೃತ್ತಿ ಬದಲಿಸಿದೆ, ಆಗಲಿಲ್ಲ. ಪ್ರೋಟಾನ್‌ಡಿಬಿ ತೆರೆದೆ. ಯಾವ ಗೇಮ್ ಯಾರ ಕಂಪ್ಯೂಟರ್‌ನಲ್ಲಿ ಹೇಗೆ ನಡೆಯಿತು ಅಂತ ಆಡಿದವರೇ ಬರೆದಿಡುವ ತಾಣ ಅದು. ಅಲ್ಲಿ ಎಲ್ಲರಿಗೂ ನಡೆಯುತ್ತಿದೆ. ಅಂದರೆ ತಪ್ಪು ಗೇಮ್‌ನಲ್ಲಿಲ್ಲ, ನಮ್ಮ ಮನೆಯಲ್ಲೇ ಎಲ್ಲೋ ಇದೆ. ಕೊನೆಗೆ ಸ್ಟೀಮ್ ಮುಚ್ಚಿ, ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಿಂದ ತೆರೆದೆ, ಏನೇನು ಹೇಳಿಕೊಳ್ಳುತ್ತದೋ ಕಣ್ಣಿಗೆ ಬೀಳಲಿ ಅಂತ. ಪ್ಲೇ ಒತ್ತಿದ ಕೂಡಲೇ ಸಾಲುಗಳು ಸರಸರ ಓಡಿದವು. ಅಳಿಯ ಬೆರಳಿಟ್ಟು ತೋರಿಸಿದ: “ಮಾಮಾ, ತಡಿ. ಇಲ್ಲಿ ನೋಡು, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂತೈತಿ. ಅದರ ಮುಂದ ಸಿ ಅಕ್ಷರ, ಆಮ್ಯಾಗ ಎರಡು ಚುಕ್ಕಿ.”

ಆ ಎರಡು ಚುಕ್ಕೆಯೇ (:) ಕಾರಣ. ವಿಂಡೋಸ್ ಗೇಮ್‌ಗೆ ಸಿ ಡ್ರೈವ್ ಬೇಕೇ ಬೇಕು. ಲಿನಕ್ಸ್‌ನಲ್ಲಿ ಸಿ ಡ್ರೈವ್ ಅನ್ನುವುದೇ ಇಲ್ಲ. ಅದಕ್ಕೆ ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ಪುಟ್ಟ ಫೋಲ್ಡರ್ ಕಟ್ಟಿ, ‘ಇದೇ ನಿನ್ನ ಸಿ ಡ್ರೈವ್’ ಅಂತ ತೋರಿಸುತ್ತದೆ. ಆ ಫೋಲ್ಡರಿಗೆ ಹೋಗುವ ದಾರಿಗೆ ಸಿ ಮತ್ತು ಎರಡು ಚುಕ್ಕೆ ಅಂತಲೇ ಹೆಸರಿಡುತ್ತದೆ. ನನ್ನ ಎರಡನೇ ಡಿಸ್ಕ್ ಫೈಲ್ ಜೋಡಿಸಿಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯದು. ವಿಂಡೋಸ್ ಲೆಕ್ಕದಲ್ಲಿ ಫೈಲ್ ಹೆಸರಿನಲ್ಲಿ ಆ ಎರಡು ಚುಕ್ಕೆ ಇರುವ ಹಾಗಿಲ್ಲ. ಮಿಂಟ್ ಆ ಡಿಸ್ಕ್ ತೆರೆಯುವಾಗ ಅದೇ ನಿಯಮ ಪಾಲಿಸುತ್ತಿತ್ತು. ವಿಂಡೋಸ್‌ಗಾಗಿ ಮಾಡಿದ ಡಿಸ್ಕ್‌ನಲ್ಲೇ ವಿಂಡೋಸ್‌ನ ಸಿ ಡ್ರೈವ್‌ಗೆ ಹೆಸರಿಡಲು ಜಾಗ ಇರಲಿಲ್ಲ.

ದಾರಿ ಗೊತ್ತಾದ ಮೇಲೆ ಕೆಲಸ ಎರಡೇ ನಿಮಿಷದ್ದು. ಆ ಪುಟ್ಟ ಮನೆಗಳನ್ನೆಲ್ಲ ಲಿನಕ್ಸ್‌ನ ಸ್ವಂತ ಡಿಸ್ಕ್‌ನಲ್ಲಿ ಕಟ್ಟು, ಹಳೇ ಡಿಸ್ಕ್‌ನಿಂದ ಅಲ್ಲಿಗೆ ಒಂದು ಕೊಂಡಿ ಹಾಕು. ಟೈಪ್ ಮಾಡಿದ್ದು ಅಳಿಯನೇ, ನಾನು ಪಕ್ಕದಲ್ಲಿ ಹೇಳುತ್ತಾ ಹೋದೆ. ಪ್ಲೇ ಒತ್ತಿದ. ಮೂರು ಸೆಕೆಂಡ್ ದಾಟಿತು. ಐದಾಯಿತು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಆ ಸಂಗೀತ ಬಂತು. ನಾವಿಬ್ಬರೂ ಒಟ್ಟಿಗೇ “ಬಂತು!” ಅಂತ ಕೂಗಿದ್ದಕ್ಕೆ ಅವ್ವ ಒಳಗಿನಿಂದ ಎದ್ದು ಬಂದರು. ಗಂಟೆ ಹನ್ನೊಂದೂವರೆ.

ಮತ್ತೆ ಒಂದೂವರೆ ತನಕ ಆಡಿದೆವು. ಇಬ್ಬರಿಗೂ ಒಂದೇ ಸಾಮ್ರಾಜ್ಯ. ನನ್ನ ಹಳೇ ಲ್ಯಾಪ್‌ಟಾಪ್ ಹಿಡಿದು ಬೇರೆಯಾಗಿ ಆಡುವ ಯೋಗ ಇರಲಿಲ್ಲ, ಸರದಿ ಪ್ರಕಾರ ಮೌಸ್ ಬದಲಿಸಿಕೊಂಡೆವು. ಮುಗಿಸಿ ಏಳುವಾಗ ಅವನು ಹೇಳಿದ: “ಛಲೋ ಐತಿ ಮಾಮಾ. ಆದ್ರ ನಾವಿಬ್ರ ಅದೀವಿ ನೋಡು.”

ಈ ಮಾತು ನಾನು ಮೊದಲೇ ಕೇಳಿದ್ದೆ. ಬೇರೆ ಬಾಯಿಂದ.

ಮುಳುಗಡೆಯ ಊರವರು ನಾವು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೇ ಬಾಗಲಕೋಟೆಯ ನಮ್ಮ ಓಣಿ ಹೋಯಿತು. ಪರಿಹಾರ ಬಂತು, ನವನಗರದಲ್ಲಿ ಸೈಟ್ ಬಂತು, ಅಪ್ಪ ಮನೆ ಕಟ್ಟಿಸಿದರು. ಹಳೇ ಮನೆಗಿಂತ ದೊಡ್ಡದು. ಅಗಲವಾದ ರಸ್ತೆ, ನಳ, ಗಾಳಿ ಬೆಳಕು. ಯಾರು ಬಂದು ಕೇಳಿದರೂ ಅಪ್ಪ ಹೇಳುತ್ತಿದ್ದದ್ದು ಒಂದೇ: “ಮನಿ ಛಲೋ ಐತ್ರಿ. ಕಟ್ಟಿ ಇಲ್ಲ ನೋಡ್ರಿ.” ಮನೆ ಮುಂದೆ ಕಲ್ಲಿನ ಕಟ್ಟೆ ಕಟ್ಟಿಸಿಯೇ ಇದ್ದರು. ಅವರು ಹೇಳುತ್ತಿದ್ದದ್ದು ಅದರ ಮೇಲೆ ಕೂರುವವರ ಬಗ್ಗೆ. ಸಂಜೆ ಕೂತು ಪಗಡೆ ಆಡುತ್ತಿದ್ದ ನಾಲ್ಕು ಜನಕ್ಕೆ ನಾಲ್ಕು ಬೇರೆ ಬೇರೆ ಸೆಕ್ಟರ್ ಸಿಕ್ಕಿತ್ತು. ಅಪ್ಪ ಎಷ್ಟೋ ವರ್ಷ ಪ್ರತಿ ರವಿವಾರ ಬಸ್ ಹತ್ತಿ ಹಳೇ ಊರಿಗೆ ಹೋಗಿ, ಉಳಿದ ಪೇಟೆಯಲ್ಲಿ ಒಂದು ದರ್ಜಿ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ಹೋಳಿಗಂತೂ ನಾವೆಲ್ಲ ಇವತ್ತಿಗೂ ಅಲ್ಲಿಗೇ ಹೋಗುತ್ತೇವೆ. ಹಲಗೆ ಸದ್ದು ಅಲ್ಲಿಯದೇ ಕೇಳಬೇಕು.

ಬೀಗದ ಕೈ

ಪ್ರೋಟಾನ್ ಮನೆ ಕಟ್ಟಿ ಕೊಡುತ್ತದೆ, ಹಳೇ ವಿಳಾಸವನ್ನೂ ಗೋಡೆಗೆ ಬರೆದು ಕೊಡುತ್ತದೆ. ಹಾಗಾದರೆ ಅಳಿಯನ ಆ ಒಂದು ಗೇಮ್ ಯಾಕೆ ಬರುವುದಿಲ್ಲ? ಕಾರಣ ಮೋಸ ತಡೆಯುವ ವ್ಯವಸ್ಥೆ, ಆಂಟಿ ಚೀಟ್. ಆನ್‌ಲೈನ್ ಆಟದಲ್ಲಿ ಗೋಡೆಯಾಚೆ ಕಾಣುವ, ತಾನೇ ಗುರಿ ಹಿಡಿಯುವ ಕಳ್ಳ ಪ್ರೋಗ್ರಾಂಗಳಿವೆ. ಅವನ್ನು ಹಿಡಿಯಲು ಕೆಲವು ಕಂಪನಿಗಳು ತಮ್ಮ ಕಾವಲುಗಾರನನ್ನು ವಿಂಡೋಸ್‌ನ ಕರ್ನಲ್‌ನಲ್ಲೇ ಕೂರಿಸುತ್ತವೆ. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗಿನ ಒಳಗು. ಅಲ್ಲಿ ಕೂತವನಿಗೆ ಎಲ್ಲಾ ಕಾಣುತ್ತದೆ. ಪ್ರೋಟಾನ್ ನಡೆಯುವುದು ಕರ್ನಲ್‌ನ ಹೊರಗೆ, ಹಾಗಾಗಿ ಆ ಕಾವಲುಗಾರನಿಗೆ ಕೂರಲು ಜಾಗ ಇಲ್ಲ. ಲಿನಕ್ಸ್ ಕರ್ನಲ್ ಅನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು ಅನ್ನುವುದೂ ಆ ಕಂಪನಿಗಳಿಗೆ ಒಪ್ಪಿಗೆಯಾಗುವುದಿಲ್ಲ.

ಎಲ್ಲರೂ ಹೀಗಿಲ್ಲ. ಈಸಿ ಆಂಟಿ ಚೀಟ್ ಮತ್ತು ಬ್ಯಾಟಲ್‌ಐ ಅನ್ನುವ ಎರಡು ಕಾವಲು ವ್ಯವಸ್ಥೆಗಳೂ 2021ರಲ್ಲೇ ಪ್ರೋಟಾನ್‌ಗೆ ದಾರಿ ಬಿಟ್ಟಿವೆ. ಬಾಗಿಲು ತೆರೆಯಬೇಕೋ ಬೇಡವೋ ಅನ್ನುವುದು ಆಯಾ ಗೇಮ್ ಮಾಡಿದವರ ಕೈಯಲ್ಲಿದೆ. ಕೆಲವರು ತೆರೆದರು. ತೆರೆದವರಲ್ಲೂ ಕೆಲವರು ಆಮೇಲೆ ಮುಚ್ಚಿದರು. ಏಪೆಕ್ಸ್ ಲೆಜೆಂಡ್ಸ್ ಅನ್ನುವ ಗೇಮ್ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. 2024ರ ಅಕ್ಟೋಬರ್ ಕೊನೆಗೆ ಅದನ್ನು ನಿಲ್ಲಿಸಿದರು, ಮೋಸಗಾರರಿಗೆ ಅದು ದಾರಿಯಾಗಿದೆ ಅಂತ ಕಾರಣ ಕೊಟ್ಟರು.

ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೋಸ ಆಟವನ್ನು ಕೊಲ್ಲುತ್ತದೆ. ಕೆಫೆಯಲ್ಲಿ ಒಮ್ಮೆ ಒಬ್ಬ ಹುಡುಗ ಗೋಡೆಯಾಚೆ ಕಾಣುವ ಫೈಲ್ ಹಾಕಿಕೊಂಡು ಬಂದಿದ್ದ. ಎಲ್ಲಿ ಅಡಗಿದರೂ ಹೊಡೆಯುತ್ತಿದ್ದ. ಎರಡನೇ ಸುತ್ತಿಗೇ ನಮಗೆ ಅನುಮಾನ. ಕೆಫೆಯ ಅಣ್ಣ ಯಾವಾಗಲೂ ಕುರ್ಚಿಗಳ ಹಿಂದೆ ಚಹಾ ಗ್ಲಾಸ್ ಹಿಡಿದು ಓಡಾಡುತ್ತಿದ್ದರು. ಅವನ ಹಿಂದೆ ಬಂದು ನಿಂತರು. ಒಂದು ನಿಮಿಷ ನೋಡಿದರು. ಏನೂ ಹೇಳದೆ ಕೈ ಚಾಚಿ ಮಾನಿಟರ್ ಆಫ್ ಮಾಡಿದರು. “ಇವತ್ತಿಂದು ರೊಕ್ಕ ಬ್ಯಾಡ. ನಾಳೆ ಬರಬ್ಯಾಡ” ಅಂದರು. ನಾಲ್ಕನೇ ದಿನ ಅವನು ಬಂದು ತಪ್ಪಾಯಿತು ಅಂದ, ನಾವೆಲ್ಲ ಹೂಂ ಅಂದೆವು, ಅಣ್ಣ ಆರನೇ ನಂಬರ್ ಕಂಪ್ಯೂಟರ್ ಕೊಟ್ಟರು. ಆ ಕೋಣೆಯಲ್ಲಿ ಮೋಸ ತಡೆಯಲು ಯಾರೂ ಯಾರ ಮನೆಯೊಳಗೂ ಇಣುಕಬೇಕಿರಲಿಲ್ಲ. ಮುಖ ಮುಖ ನೋಡಿಕೊಂಡು ಆಡುತ್ತಿದ್ದೆವು, ಅಷ್ಟು ಸಾಕಾಗುತ್ತಿತ್ತು.

ಲಕ್ಷಾಂತರ ಅಪರಿಚಿತರು ಆಡುವ ಕಡೆ ಆ ಅಣ್ಣ ಎಲ್ಲಿಂದ ಬರಬೇಕು, ನಿಜ. ಆದರೂ ಆಟಕ್ಕೆ ಕರೆದವರು ತಿಜೋರಿಯ ಬೀಗದ ಕೈ ಕೇಳಿದರೆ ನಾನು ಕೊಡುವುದಿಲ್ಲ. ಇದೇ ಯಂತ್ರದಲ್ಲಿ ಮನೆಯ ಬ್ಯಾಂಕ್ ವ್ಯವಹಾರ ಇದೆ, ಅಪ್ಪನ ಆಸ್ಪತ್ರೆ ಕಾಗದ ಇದೆ. ಇದು ನನ್ನ ನಿಲುವು, ಗಟ್ಟಿಯಾದದ್ದು. ನನ್ನನ್ನು ಕಾಡಿದ್ದು ಇಷ್ಟೇ: ನಿಲುವು ನನ್ನದು, ಗೆಳೆಯರನ್ನು ಬಿಟ್ಟು ಕೂತವನು ಅಳಿಯ. ಪ್ರತಿ ರಾತ್ರಿ ಒಂಬತ್ತೂವರೆಗೆ ಅವನ ಫೋನ್ ಸದ್ದು ಮಾಡುತ್ತಿತ್ತು. ಅವನು ಎತ್ತಿಕೊಂಡು ಮಾಳಿಗೆ ಮೇಲೆ ಹೋಗುತ್ತಿದ್ದ. “ಇಲ್ಲಲೇ, ಮಾಮಾನ ಮನ್ಯಾಗದೀನಿ” ಅನ್ನುವುದು ಮೆಟ್ಟಿಲ ತನಕ ಕೇಳಿಸುತ್ತಿತ್ತು.

ವಿಂಡೋಸ್ ಅನ್ನೂ ಒಂದು ಮೂಲೆಯಲ್ಲಿ ಇಟ್ಟುಕೊಂಡು ಆ ಒಂದು ಗೇಮ್‌ಗೆ ಮಾತ್ರ ಅದರೊಳಗೆ ಹೋಗಿ ಬರುವವರಿದ್ದಾರೆ. ಹೋಳಿಗೆ ಹಳೇ ಊರಿಗೆ ಹೋದ ಹಾಗೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಾನು ಹಾಗೆ ಮಾಡಲಿಲ್ಲ.

ಅಗ್ನಿ

ಹೊರಡುವ ಹಿಂದಿನ ದಿನ ಅಳಿಯನೇ ಒಂದು ಪ್ರಶ್ನೆ ಕೇಳಿದ. “ಮಾಮಾ, ವಿಂಡೋಸ್‌ದಾಗೂ ಬರೋದು, ಇದರಾಗೂ ಬರೋದು, ರೊಕ್ಕ ಇಲ್ಲದ್ದು, ಐದು ಮಂದಿ ಕೂಡಿ ಆಡೂದು ಏನರ ಐತೇನ?” ನಾನು ಇಷ್ಟು ದಿನ ವಿಂಡೋಸ್ ಗೇಮ್‌ಗಳನ್ನು ಈ ಕಡೆ ತರುವ ದಾರಿಯನ್ನೇ ಯೋಚಿಸುತ್ತಿದ್ದೆ. ಅವನು ತಿರುಗಿಸಿ ಕೇಳಿದ. ಅವನ ಗೆಳೆಯರು ಮನೆ ಬದಲಿಸಬೇಕಿಲ್ಲ. ಇದ್ದಲ್ಲೇ ಇದ್ದು ಬಂದು ಕೂರುವಂಥ ಜಾಗ ಇದ್ದರೆ ಸಾಕಲ್ವಾ?

ಇದೆ, ತುಂಬಾ ಇವೆ. ಗಾಡಿ ಓಟದ ಸೂಪರ್‌ಟಕ್ಸ್‌ಕಾರ್ಟ್ ಇದೆ, ಶೂಟಿಂಗ್ ಆಟ ಝೋನೋಟಿಕ್ ಇದೆ. ನಾನು ತೋರಿಸಿದ್ದು 0 ಎ.ಡಿ. 2001ರಲ್ಲಿ ಕೆಲವು ಅಭಿಮಾನಿಗಳು ಏಜ್ ಆಫ್ ಎಂಪೈರ್ಸ್ ಎರಡನೇ ಭಾಗವನ್ನೇ ಬದಲಿಸಿ ಹೊಸ ಆಟ ಮಾಡಬೇಕು ಅಂತ ಶುರು ಮಾಡಿದ್ದು ಇದು. ಆಮೇಲೆ ತಮ್ಮದೇ ಸ್ವತಂತ್ರ ಆಟ ಕಟ್ಟಿದರು, 2009ರಲ್ಲಿ ಅದರ ಕೋಡ್ ಎಲ್ಲರಿಗೂ ತೆರೆದರು. ಪುಕ್ಕಟೆ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರಲ್ಲಿ ಮೌರ್ಯರಿದ್ದಾರೆ, ಯುದ್ಧದ ಆನೆಗಳಿವೆ. ಕಡಿದ ಮರ ತಂದು ಒಪ್ಪಿಸುವುದಕ್ಕೂ ಅವರಿಗೆ ಆನೆ ಇದೆ. 2025ರ ಜನವರಿಯಲ್ಲಿ ಬಂದ 27ನೇ ಆವೃತ್ತಿಯ ಹೆಸರು ಅಗ್ನಿ. ಅಳಿಯ ಆ ಹೆಸರು ನೋಡಿ ನಕ್ಕ, ಫೋಟೊ ತೆಗೆದು ಗುಂಪಿಗೆ ಹಾಕಿದ.

ಬೆಳಗಾವಿಯ ಹುಡುಗರಲ್ಲಿ ಒಬ್ಬ ಆಗಲೇ ಇಳಿಸಿದ. ಮೊದಲ ಸಲ ಕೂಡಿಕೊಳ್ಳಲಿಲ್ಲ. ನಾನು ಮಿಂಟ್‌ನ ಅಂಗಡಿಯಿಂದ ಹಾಕಿದ್ದು ಹಿಂದಿನ ಆವೃತ್ತಿ, ಅವನದು ಅಗ್ನಿ. ಎರಡೂ ಕಡೆ ಒಂದೇ ಆವೃತ್ತಿ ಇರಬೇಕು. ನಾನು ಅದನ್ನು ತೆಗೆದು, ಪ್ರೋಗ್ರಾಂ ಹಾಕಿಕೊಳ್ಳುವ ಇನ್ನೊಂದು ದಾರಿಯಾದ ಫ್ಲ್ಯಾಟ್‌ಪ್ಯಾಕ್‌ನಲ್ಲಿ 27 ಹಾಕಿದೆ. ಹತ್ತು ಗಂಟೆಗೆ ಅವನ ಹೆಸರು ನಮ್ಮ ಪರದೆಯ ಮೇಲೆ ಬಂತು. ಅವನು ವಿಂಡೋಸ್ 11ರಲ್ಲಿ, ನಾವು ಮಿಂಟ್‌ನಲ್ಲಿ, ಮ್ಯಾಪ್ ಒಂದೇ. ಅಳಿಯ ಫೋನ್ ಸ್ಪೀಕರ್‌ಗೆ ಹಾಕಿದ. “ಲೇ, ನಿನ್ನ ಆನಿ ನಮ್ಮ ಹೊಲದಾಗ ಬಂದೈತಲೇ” ಅಂತ ಆ ಕಡೆಯಿಂದ ಕೂಗು. ಅಪ್ಪ ಊರುಗೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತರು. “ಯಾರು ಬಂದಾರ?” ಅಂತ ಕೇಳಿದರು. “ಬೆಳಗಾವಿಯಿಂದ ಗೆಳ್ಯಾ, ಅಜ್ಜ” ಅಂದ ಅಳಿಯ. ಅಪ್ಪ ಕೋಣೆಯೊಳಗೆ ಒಮ್ಮೆ ಕಣ್ಣಾಡಿಸಿ, ಪರದೆ ನೋಡಿ, ಅಲ್ಲೇ ಮಂಚದ ತುದಿಗೆ ಕೂತರು.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಪುಣೆಯವನು ಇದು ನಿಧಾನದ ಆಟ, ತನಗೆ ಬೇಡ ಅಂದ. ಧಾರವಾಡದವನು ನೋಡೋಣ ಅಂದವನು ಇನ್ನೂ ನೋಡಿಲ್ಲ. ಅಳಿಯ ಹುಬ್ಬಳ್ಳಿಗೆ ಹೋದ ಮೇಲೆ ಹಾಸ್ಟೆಲ್‌ನಲ್ಲಿ ತನ್ನ ಹಳೇ ಗೇಮ್ ಆಡುತ್ತಾನೆ, ಆಡಲಿ. ಬೆಳಗಾವಿಯ ಇಬ್ಬರು ಮಾತ್ರ ಹಿಡಿದುಕೊಂಡಿದ್ದಾರೆ. ವಾರಕ್ಕೊಮ್ಮೆ ನನಗೆ ಸಂದೇಶ ಬರುತ್ತದೆ. ಇವತ್ತೂ ಮಧ್ಯಾಹ್ನ ಬಂತು: “ಮಾಮಾ, ರಾತ್ರಿ ಹತ್ತಕ್ಕ ಕೂಡು. ಹೊಸಬ ಒಬ್ಬಾಂವ ಬರಾಕತ್ತಾನ, ಅವಂಗೂ ಕಲಿಸಬೇಕು.” ಈಗ ಒಂಬತ್ತೂ ಮುಕ್ಕಾಲು. ಅಪ್ಪನ ಕುರ್ಚಿಯನ್ನು ಪರದೆ ಕಾಣುವ ಹಾಗೆ ಸ್ವಲ್ಪ ಸರಿಸಿ ಬಂದು ಇದನ್ನು ಮುಗಿಸುತ್ತಿದ್ದೇನೆ.